ಬಿಳಿ ಮುಚ್ಚಳದ ಇಲಿಗಳು

ದೊಡ್ಡನೆಕ್ಕುಂದಿಯಲ್ಲಿ ಗಂಗಲಕ್ಷ್ಮಮ್ಮನ ಮನೆ ಎಲ್ಲಿ ಅಂತ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಇಲಿ ಗಂಗಮ್ಮ ಅನ್ನಿ, ಕೈ ಹಿಡಿದು ಬಾಗಿಲ ತನಕ ಬಿಟ್ಟು ಬರ್ತಾರೆ. ಅದಕ್ಕೂ ಮೊದಲು ಅವಳಿಗಿದ್ದ ಹೆಸರು ಎಣ್ಣೆ ಗಂಗಮ್ಮ. ಎಣ್ಣೆಯಿಂದ ಇಲಿಗೆ ಹೇಗೆ ಬಂದಳು, ಬಂದು ಏನು ಎಡವಟ್ಟು ಮಾಡಿಕೊಂಡಳು ಅನ್ನೋದೇ ಈ ಕತೆ. ಕೂತ್ಕೊಳ್ಳಿ, ಹೇಳ್ತೀನಿ.

ಎಣ್ಣೆ ಅಂದರೆ ಹಸುಗೂಸಿಗೆ ಹಚ್ಚೋ ಎಣ್ಣೆ. ಆಗ ಇಂದಿರಾನಗರದಲ್ಲಿ ಈಗಿನ ಹೋಟೆಲು ಪಬ್ಬುಗಳ ಗಲಾಟೆ ಇರಲಿಲ್ಲ. ಬಂಗಲೆ, ಬಂಗಲೆ ಮುಂದೊಂದು ಬಾದಾಮಿ ಮರ, ಒಳಗೊಬ್ಬಳು ಬಾಣಂತಿ. ಬೆಳಗ್ಗೆ ಗಂಗಮ್ಮ ಬಸ್ಸಿಳಿದು ಗೇಟು ತಳ್ಳಿದಳು ಅಂದರೆ ಒಳಗೆ ನೀರು ಕಾಯೋಕೆ ಇಡೋರು. ಬಚ್ಚಲಲ್ಲಿ ಮಣೆ ಹಾಕ್ಕೊಂಡು, ಕಾಲು ಉದ್ದಕ್ಕೆ ಚಾಚಿ, ಕಾಲ ಮೇಲೆ ಕೂಸನ್ನ ಮಲಗಿಸಿಕೊಂಡು, ನೆತ್ತಿಗೆ ಹರಳೆಣ್ಣೆ ತಟ್ಟೋಳು. ಬಲಗೈಯನ್ನ ಎಡಗಾಲಿಗೆ, ಎಡಗೈಯನ್ನ ಬಲಗಾಲಿಗೆ ತಂದು ಮುಟ್ಟಿಸಿ, ಕೀಲು ಕೀಲೂ ನೀವಿ, ಹೆಬ್ಬೆರಳಲ್ಲಿ ಮೂಗು ತಿದ್ದೋಳು. ಆ ಬೀದಿಗಳಲ್ಲಿ ಯಾರದಾದರೂ ಮೂಗು ನೆಟ್ಟಗಿದ್ದರೆ ಅದು ದೇವರ ಕೆಲಸ ಅಲ್ಲ, ತನ್ನ ಕೆಲಸ ಅಂತ ಅವಳೇ ಹೇಳಿಕೊಂಡು ತಿರುಗೋಳು. ಬಿಗಿಯಾಗಿದ್ದು ಏನು ಕಂಡರೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ.

ಅವಳ ಗಂಡ ದೊಡ್ಡಮುನಿಯಪ್ಪ. ಏನು ಬಾಯಿ ಅಂತೀರಿ ಆ ಮನುಷ್ಯಂದು! ಕೆರೆಯ ಈ ದಡದಲ್ಲಿ ನಿಂತು ಕೂಗಿದರೆ ಆ ದಡದ ಎಮ್ಮೆ ತಿರುಗಿ ನೋಡೋದು. ಹೊಲವೆಲ್ಲ ಫ್ಯಾಕ್ಟರಿಗಳಿಗೆ ಹೋದಮೇಲೆ ಮನೆ ಹಿಂದೆ ಸಾಲಾಗಿ ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟು, ಜಗಲಿ ಮೇಲೆ ಕೂತು ಊರಿನ ನ್ಯಾಯವನ್ನೆಲ್ಲ ತಾನೇ ಮಾತಾಡೋನು. ಬಾಯಿಗೆ ಎರಡೇ ಕೆಲಸ, ಒಂದು ಮಾತು, ಇನ್ನೊಂದು ಎಲೆಅಡಿಕೆ ಹೊಗೆಸೊಪ್ಪು. ಆ ಎರಡನೇದು ಅವನನ್ನ ತಿಂದಿತು. ತೊಂಬತ್ತಮೂರರಲ್ಲಿ ಕೆನ್ನೆಯೊಳಗೊಂದು ಹುಣ್ಣು ಎದ್ದು, ಆಸ್ಪತ್ರೆಯವರು ಕ್ಯಾನ್ಸರ್ ಅಂದರು. ಕರೆಂಟ್ ಇಟ್ಟರು, ಅಂದರೆ ರೇಡಿಯೇಷನ್ನು. ವಾರಗಟ್ಟಲೆ ಕರಕೊಂಡು ಹೋಗಿ ಕರಕೊಂಡು ಬಂದಳು. ಕೆನ್ನೆ ಕಪ್ಪಗಾಯಿತು, ನಾಲಿಗೆಗೆ ರುಚಿ ಹೋಯಿತು, ಆದರೆ ಹುಣ್ಣು ಮಾಯವಾಯಿತು. ಊರಮ್ಮನಿಗೆ ತಂಬಿಟ್ಟಿನ ಆರತಿ ಮಾಡಿ, ಗಂಡ ಉಳಿದ ಅಂತ ಅವಳು ನೆಮ್ಮದಿಯಾಗಿ ನಿದ್ದೆ ಮಾಡಿದಳು.

ನೆಮ್ಮದಿ ಎಷ್ಟು ದಿನ? ಎರಡು ವರ್ಷ ಚೆನ್ನಾಗೇ ಇದ್ದ ಮನುಷ್ಯ, ಒಂದಿನ ಊಟಕ್ಕೆ ಕೂತವನು ಮುದ್ದೆ ಮುರಿದು ಬಾಯಿಗಿಟ್ಟುಕೊಂಡು, ತೆಗೆದು, ಸಣ್ಣದು ಮುರಿದುಕೊಂಡ. ಗಂಗಮ್ಮ ನೋಡಿದಳು. ಆಮೇಲಾಮೇಲೆ ತುತ್ತು ನೆಲ್ಲಿಕಾಯಷ್ಟಾಯಿತು, ಇನ್ನೂ ಆಮೇಲೆ ಕಡಲೆಕಾಳಷ್ಟು. ಬಾಯಿ ತೆರೆಯೋಕೇ ಆಗ್ತಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, “ಕಾಯಿಲೆ ವಾಪಸ್ ಬಂದಿಲ್ಲಮ್ಮ. ಇದು ಕರೆಂಟಿನದೇ. ಗೆಡ್ಡೆಯ ಜೊತೆಗೆ ಸುತ್ತಲಿನ ಮಾಂಸಕ್ಕೂ ಏಟು ಬಿದ್ದಿರತ್ತೆ, ಅದು ವರ್ಷಗಳಾದ ಮೇಲೆ ನಾರುಗಟ್ಟಿ ಬಿಗಿಯತ್ತೆ,” ಅಂದರು. “ಬಿಡಿಸೋಕೆ ಏನಿದೆ ಸಾರ್?” ಅಂದಳು. “ವ್ಯಾಯಾಮ ಮಾಡ್ಸಿ. ಬೇರೆ ಏನಿದೆ ಅಂತ ಹುಡುಕ್ತಿದಾರೆ,” ಅಂದರು.

ಅವಳಿಗೆ ಗೊತ್ತಿದ್ದ ವಿದ್ಯೆ ಒಂದೇ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಗಂಡನ ದವಡೆ ನೀವೋಕೆ ಕೂತಳು. ಅವನ ತಲೆ ಅವಳ ತೊಡೆ ಮೇಲೆ, ಅವಳ ಹತ್ತೂ ಬೆರಳು ಅವನ ಮುಖದ ಮೇಲೆ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಆ ಗಂಡಸನ್ನ ಅವಳು ಅಷ್ಟು ಹೊತ್ತು ಮುಟ್ಟಿದ್ದೇ ಇಲ್ಲ. ಬಾಯಿ ತೆರೆಯಲಿಲ್ಲ. ನೀವದಿದ್ದರೆ ಇನ್ನೂ ಬೇಗ ಮುಚ್ಚಿಹೋಗ್ತಿತ್ತು ಅಂತ ಅವಳ ನಂಬಿಕೆ, ಅಷ್ಟೆ.

ಆ ದಿನಗಳಲ್ಲೇ ಅವಳಿಗೆ ಒಂದೇ ಕನಸು ಮತ್ತೆ ಮತ್ತೆ ಬೀಳೋಕೆ ಶುರುವಾಯಿತು. ಮುನಿಯಪ್ಪ ಕೆರೆ ಏರಿ ಮೇಲೆ ಕೂತು ಆಕಳಿಸುತ್ತಾನೆ. ಬಾಯಿ ತೆರೀತಾನೆ, ತೆರೀತಾನೆ, ತೆರೀತಾನೇ ಇರ್ತಾನೆ. ಆ ಬಾಯೊಳಗೆ ಕೆರೆ ಕಾಣತ್ತೆ, ಕೆರೆಯೊಳಗೆ ಹಳೇ ಹೊಲ, ಹೊಲದಲ್ಲಿ ರಾಗಿ ತೆನೆ ಅಲ್ಲಾಡ್ತಾ ಇರತ್ತೆ. ಎದ್ದು ಪಕ್ಕಕ್ಕೆ ನೋಡಿದರೆ ಗಂಡ ಹಲ್ಲು ಕಚ್ಚಿದವನ ಹಾಗೆ ಮಲಗಿದ್ದಾನೆ. ಅವನು ಆಕಳಿಸಿ ಎಷ್ಟು ಕಾಲವಾಯಿತು ಅಂತ ಅವಳಿಗೆ ಆಗ ಹೊಳೆಯಿತು. ಬಾಯಿ ತೆರೆಯದವನು ಆಕಳಿಸೋದು ಹೇಗೆ?

ತೊಂಬತ್ತೇಳರಲ್ಲಿ ಇಂದಿರಾನಗರದ ಒಂದು ಮನೆಯಲ್ಲಿ ಕೂಸಿಗೆ ಎರೆಯುತ್ತಿದ್ದಾಗ ಬಾಣಂತಿಯ ತಂಗಿ ಬಾಗಿಲಿಗೊರಗಿ ನೋಡ್ತಾ ನಿಂತಿದ್ದಳು. ಹೆಸರು ಶ್ವೇತ. ದೊಡ್ಡನೆಕ್ಕುಂದಿ ಇಂಡಸ್ಟ್ರಿಯಲ್ ಏರಿಯಾದ ಒಂದು ಸಂಶೋಧನಾ ಕೇಂದ್ರದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡೋ ಕೆಲಸ.

“ಗಂಗಮ್ಮ, ಇಷ್ಟು ಮೆತ್ತಗಿನ ಕೈ ನನಗೆ ಬೇಕಿತ್ತು. ಇಲಿ ನೋಡ್ಕೊಳ್ಳೋಕೆ ಬರ್ತೀರಾ? ನಿಮ್ಮೂರೇ.”

“ಇಲೀನಾ? ಅಯ್ಯೋ ಶಿವನೇ! ಇಲಿ ಕಂಡ್ರೆ ಪೊರಕೆ ತಗೊಳ್ಳೋಳು ನಾನು!”

“ಇವು ಕಚ್ಚೋ ಇಲಿ ಅಲ್ಲ. ಬಂದು ನೋಡಿ.”

ಹೋದಳು, ನೋಡಿದಳು. ಸಾಲು ಸಾಲು ಪಂಜರ, ಒಳಗೆ ಭತ್ತದ ಹೊಟ್ಟಿನ ಮೇಲೆ ಬಿಳೀ ಇಲಿಗಳು. ಇಲಿ ಎಚ್ಚರವಾಗಿರೋದು ಕತ್ತಲಲ್ಲಿ, ನೋಡೋರು ಎಚ್ಚರವಾಗಿರೋದು ಬೆಳಕಲ್ಲಿ. ಅದಕ್ಕೆ ಅಲ್ಲಿ ಹಗಲನ್ನೇ ರಾತ್ರಿ ಮಾಡಿದ್ದರು. ಕಿಟಕಿಯಿಲ್ಲದ ಕೋಣೆ, ಇಲಿ ಕಣ್ಣಿಗೆ ಕಾಣದ ಒಂದು ಕೆಂಪು ದೀಪ, ಗಾಳಿಯಂತ್ರದ ಗುಂಯ್ ಅನ್ನೋ ಸದ್ದು. ಹೊರಗೆ ಮಟಮಟ ಮಧ್ಯಾಹ್ನ, ಬಾಗಿಲು ದಾಟಿದರೆ ಕೆಂಪು ಮುಸ್ಸಂಜೆ. ಅವಳಿಗೆ ಆ ಕೋಣೆಗೆ ಕಾಲಿಟ್ಟಾಗೆಲ್ಲ ತಾನಿನ್ನೂ ನಿದ್ದೆಯಿಂದ ಎದ್ದೇ ಇಲ್ಲವೇನೋ ಅನ್ನಿಸೋದು.

ಶ್ವೇತ ಒಂದು ಇಲಿಯನ್ನ ಎತ್ತಿ ತೋರಿಸಿದಳು. “ಇವಕ್ಕೆ ಒಂದು ಹಿಂಗಾಲಿಗೆ ಮಾತ್ರ ಕರೆಂಟ್ ಇಟ್ಟಿದೀವಿ. ಈಗ ಚೆನ್ನಾಗೇ ಓಡಾಡ್ತವೆ. ತಿಂಗಳುಗಟ್ಟಲೆ ಆದಮೇಲೆ ನೋಡಿ, ಆ ಕಾಲು ಬಿಗಿಯೋಕೆ ಶುರುವಾಗತ್ತೆ.”

ಗಂಗಮ್ಮ ಕೈಯಲ್ಲಿದ್ದ ಹೊಟ್ಟಿನ ಬುಟ್ಟಿ ಕೆಳಗಿಟ್ಟಳು. “ನಮ್ ಯಜಮಾನ್ರ ಬಾಯಿ ಥರ,” ಅಂದಳು.

ಎಲ್ಲ ಕೇಳಿದ ಮೇಲೆ ಶ್ವೇತ ಮೆತ್ತಗೆ ಹೇಳಿದಳು: “ಹೌದು ಗಂಗಮ್ಮ. ಅಂಥವರಿಗೋಸ್ಕರಾನೇ ಇವು.”

ಸರಿ, ಆವತ್ತೇ ಕೆಲಸಕ್ಕೆ ನಿಂತಳು. ಊರಲ್ಲಿ ನಕ್ಕರು, ಇಲಿ ಗಂಗಮ್ಮ ಅಂತ ಹೆಸರಿಟ್ಟರು. ನಗ್ಲಿ ಬಿಡಿ. ಇಲಿಗಳಲ್ಲಿ ಎರಡು ಪಂಗಡ. ಒಂದಕ್ಕೆ ಔಷಧಿ ಕಲಸಿದ ನೀರು, ಆ ಬಾಟಲಿಗೆ ಕೆಂಪು ಮುಚ್ಚಳ. ಇನ್ನೊಂದಕ್ಕೆ ಬರೀ ನೀರು, ಬಿಳಿ ಮುಚ್ಚಳ. ಬಾಟಲಿ ತುಂಬೋಳು ಇವಳು. ವಾರಕ್ಕೊಮ್ಮೆ ಕಾಲು ಎಷ್ಟು ಚಾಚುತ್ತೆ ಅಂತ ಅಳೆಯೋಳು ಶ್ವೇತ. ಅಳೆಯುವಾಗ ಯಾವುದು ಯಾವ ಪಂಗಡ ಅಂತ ತನಗೇ ಗೊತ್ತಾಗಬಾರದು ಅಂತ ಇವಳ ಕೈಲಿ ಬಾಟಲಿ ತೆಗೆಸಿಬಿಡೋಳು. ಇವಳಿಗೆ ಅದೊಂದು ಆಟದ ಹಾಗೆ ಕಾಣ್ತಿತ್ತು.

ಉಳಿದ ಪ್ರಯೋಗದ ಇಲಿಗಳು ಬಂದ ಹಾಗೇ ಹೋಗೋವು. ಇವು ಮಾತ್ರ ಇದ್ದವು. ಇವುಗಳನ್ನ ಬದುಕಿಸಿಕೊಂಡು ಕಾಯೋದೇ ಇಲ್ಲಿ ಕೆಲಸ. ಹೊಟ್ಟು ಬದಲಿಸು, ನೀರಿಡು, ಕಾಯಿ. ಕೆಂಪು ಬೆಳಕಲ್ಲಿ ಅವು ಎದ್ದು, ಮೈ ಮುರಿದು, ಪುಟ್ಟ ಹಲ್ಲು ತೋರಿಸಿ ಆಕಳಿಸೋವು. ನೋಡ್ತಾ ನೋಡ್ತಾ ಇವಳಿಗೂ ಆಕಳಿಕೆ ಬರೋದು. “ಏನ್ರೋ, ಎದ್ರೇನ್ರೋ? ನಮ್ಮನೇಲೊಬ್ರು ಇದಾರೆ, ಅವರಿಗೊಸಿ ಸಾಲ ಕೊಡ್ರೋ ಆ ಆಕಳಿಕೇನ,” ಅನ್ನೋಳು. ಯಾರೂ ಕೇಳಿಸಿಕೊಳ್ಳೋಕೆ ಇರಲಿಲ್ಲ ಬಿಡಿ.

ಈಗ ಎಡವಟ್ಟಿಗೆ ಬರೋಣ. ತಿಂಗಳುಗಳು ಉರುಳಿ, ಬಿಳಿ ಮುಚ್ಚಳದ ಇಲಿಗಳ ಕಾಲು ಮಡಚಿಕೊಳ್ಳೋಕೆ ಶುರುವಾಯಿತು. ಒಂದು ಇಲಿ ಕಾಲೆಳಕೊಂಡು ಸರಳಿನ ಹತ್ತಿರ ಬಂದು ಇವಳ ಬೆರಳು ಮೂಸಿತು. ಇವಳು ಎತ್ತಿಕೊಂಡಳು. ಕೂಸಿಗೆ ಎಣ್ಣೆ ನೀವಿದ ಕೈ ಅದು, ಬಿಗಿಯಾದ ಕಾಲು ಬೆರಳಿಗೆ ಸಿಕ್ಕಿದ ಮೇಲೆ ಕೇಳಬೇಕೆ? ಮಾರನೇ ದಿನ ಸೀರೆ ಸೆರಗಿನ ಗಂಟಲ್ಲಿ ಹರಳೆಣ್ಣೆಯ ಪುಟ್ಟ ಶೀಸೆ ಬಂತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನೆಲದ ಮೇಲೆ ಕಾಲು ಚಾಚಿ ಕೂತು, ಒಂದೊಂದೇ ಇಲಿಯನ್ನ ತೊಡೆ ಮೇಲೆ ಹಾಕ್ಕೊಂಡು, ಒಂದು ತೊಟ್ಟು ಎಣ್ಣೆಯಲ್ಲಿ ಹಿಂಗಾಲು ನೀವಿ, ನಿಧಾನಕ್ಕೆ ಎಳೆದು, ಬಟ್ಟೆಯಲ್ಲಿ ಒರೆಸಿ ಬಿಡೋಳು. ಬಿಳಿ ಮುಚ್ಚಳದವಕ್ಕೆ ಮಾತ್ರ. ಕೆಂಪು ಮುಚ್ಚಳದವಕ್ಕೆ ಹೇಗೂ ಔಷಧಿ ಇದೆಯಲ್ಲ, ಇವಕ್ಕೆ ಯಾರಿದಾರೆ ಪಾಪ, ಅಂತ ಅವಳ ನ್ಯಾಯ.

ಇಲಿಗಳು ಕಣ್ಣು ಮುಚ್ಚಿಕೊಂಡು ಹಾಯಾಗಿ ಬಿದ್ದಿರೋವು. ಕೆಂಪು ಬೆಳಕು, ಗುಂಯ್ ಅನ್ನೋ ಸದ್ದು, ತೊಡೆಯ ಮೇಲೊಂದು ಬೆಚ್ಚಗಿನ ಜೀವ. ಇಲ್ಲಿ ನೀವಿದ್ದು ಅಲ್ಲಿ ಗಂಡನ ದವಡೆಗೂ ತಲುಪುತ್ತೆ ಅನ್ನೋ ಹಾಗೆ ಅವಳಿಗೆ ಅರೆನಿದ್ದೆಯಲ್ಲಿ ಅನ್ನಿಸೋದು. ಅಷ್ಟು ಸುಖದ ಮಧ್ಯಾಹ್ನಗಳನ್ನ ಅವಳು ಆಮೇಲೆಂದೂ ಕಾಣಲಿಲ್ಲ.

ಒಂದಿನ ಲೆಕ್ಕವೆಲ್ಲ ಮುಗಿಸಿ ಬಂದ ಶ್ವೇತ ಪಂಜರದ ಸಾಲಿನ ಪಕ್ಕ ನೆಲದ ಮೇಲೇ ಕುಸಿದು ಅಳೋಕೆ ಶುರು ಮಾಡಿದಳು. ಗಂಗಮ್ಮನಿಗೆ ಗಾಬರಿಯಾಯಿತು.

“ಏನಾಯ್ತು ಮೇಡಂ?”

“ಔಷಧಿ ಕೆಲಸ ಮಾಡಿಲ್ಲ ಗಂಗಮ್ಮ. ಔಷಧಿ ಕುಡಿದ ಇಲಿ, ಕುಡಿಯದ ಇಲಿ, ಎರಡರ ಕಾಲೂ ಒಂದೇ ಥರ ಇದೆ.”

“ಎರಡೂ ಚೆನ್ನಾಗಿದಾವಲ್ಲ ಮೇಡಂ! ಅದಕ್ಯಾಕ್ ಅಳ್ತೀರಿ?”

“ಅದಕ್ಕೇ ಅಳ್ತಿರೋದು! ಬಿಳಿ ಮುಚ್ಚಳದವು ಪೂರ್ತಿ ಬಿಗಿಯಬೇಕಿತ್ತು. ಆಗ ತಾನೇ ಕೆಂಪು ಮುಚ್ಚಳದವು ಬಿಗಿದಿಲ್ಲ ಅಂತ ತೋರಿಸೋದು? ಔಷಧಿ ಇಲ್ಲದೇನೂ ಚೆನ್ನಾಗಿರತ್ತೆ ಅಂದ್ರೆ ಔಷಧಿ ಯಾಕೆ ಬೇಕು? ಇದನ್ನ ಇಲ್ಲಿಗೇ ಮುಚ್ಚಿ ಅಂತಾರೆ ನಮ್ಮ ಸಾರು.”

ಗಂಗಮ್ಮನ ಸೆರಗಿನ ಗಂಟಲ್ಲಿದ್ದ ಶೀಸೆ ಕೆಂಡದ ಹಾಗೆ ಹೊಟ್ಟೆಗೆ ತಾಕಿತು. ಬಾಯಿ ತೆರೆಯಲಿಲ್ಲ. ಮನೆಗೆ ಹೋಗಿ, ಗಂಡನ ಮುಂದೆ ಗಂಜಿ ಬಟ್ಟಲಿಟ್ಟು, ಗೋಡೆ ನೋಡ್ತಾ ಎಲ್ಲ ಹೇಳಿದಳು. ಹೇಳಿದರೆ ಕೆಲಸ ಹೋಗತ್ತೆ. ಹೇಳದಿದ್ದರೆ ಆ ಔಷಧಿಯನ್ನ ಮೋರಿಗೆ ಸುರೀತಾರೆ, ಅದು ಇವನ ಬಾಯಿ ತೆರೆಸೋ ಔಷಧಿಯೇ ಆಗಿದ್ದರೆ?

ಮುನಿಯಪ್ಪ ಗಂಜಿ ಬಟ್ಟಲು ಪಕ್ಕಕ್ಕೆ ಸರಿಸಿದ. ಆಮೇಲೆ ಹಲ್ಲಿನ ಸಂದಿಯಿಂದಲೇ, “ಹೋಗಿ ಹೇಳು ಗಂಗಿ,” ಅಂದ. “ಕೆಲ್ಸ ಹೋದ್ರೆ ಹೋಗ್ಲಿ. ನನ್ ಬಾಯಿ ಮುಚ್ಚಿದೆ, ನೀನ್ಯಾಕೆ ಮುಚ್ಕೊಂಡಿದೀಯ?”

ಬೆಳಗ್ಗೆ ಹೋಗಿ ಶೀಸೆಯನ್ನ ಶ್ವೇತಳ ಮೇಜಿನ ಮೇಲಿಟ್ಟು ಹೇಳಿದಳು. ಶ್ವೇತ ಮೊದಲು ಅರ್ಥವಾಗದೆ ನಗಾಡಿದಳು. ಅರ್ಥವಾದ ಮೇಲೆ ಕೂಗಾಡಿದಳು. “ವರ್ಷ ಪೂರ್ತಿ ಗಂಗಮ್ಮ! ನನ್ನ ವರ್ಷ, ಆ ಇಲಿಗಳ ಜೀವ, ಎಲ್ಲ ನೀರಿಗೆ ಹಾಕಿಬಿಟ್ರಲ್ರೀ!”

“ಹಂಗಾದ್ರೆ ಎಣ್ಣೆ ಕೆಲಸ ಮಾಡ್ತು ಅಂತ ತಾನೇ ಮೇಡಂ?” ಅಂದಳು ಇವಳು, ತಡೆಯೋಕಾಗದೆ.

“ಗೊತ್ತಿಲ್ಲ! ಕೆಂಪಿಗೆ ಎಣ್ಣೆ ಹಚ್ಚಿಲ್ಲ, ಬಿಳಿಗೆ ಔಷಧಿ ಕೊಟ್ಟಿಲ್ಲ, ಏನೂ ಇಲ್ಲದೆ ಬಿಟ್ಟ ಇಲಿ ಒಂದೂ ಇಲ್ಲ. ನಿಮ್ಮ ಎಣ್ಣೇದೂ ಗೊತ್ತಾಗಲಿಲ್ಲ, ನನ್ನ ಔಷಧೀದೂ ಗೊತ್ತಾಗಲಿಲ್ಲ. ಕೈ ಮುಟ್ಟದೆ ಇರೋ ಒಂದು ಸಾಲು ಬೇಕೇ ಬೇಕು, ಅದಿಲ್ಲದಿದ್ರೆ ಪ್ರಪಂಚದಲ್ಲಿ ಏನೂ ಗೊತ್ತಾಗಲ್ಲ.”

ಆ ಮಾತು ಅವಳೊಳಗೆ ಹೋಗಿ ಕೂತಿತು. ದೊಡ್ಡ ಸಾರು ಅವಳನ್ನ ಬಿಡಿಸಿಬಿಡಿ ಅಂದರಂತೆ. ಶ್ವೇತ ಕೆಲವು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ಕೊನೆಗೆ, ತಪ್ಪು ಮಾಡಿದವರು ಎಷ್ಟೋ ಜನ, ಬಂದು ಹೇಳಿದವರು ಇವರೊಬ್ಬರೇ, ಇವರೇ ಇರಲಿ ಅಂತ ಹಟ ಹಿಡಿದು ಉಳಿಸಿಕೊಂಡಳು. ಎಲ್ಲ ಮೊದಲಿಂದ ಶುರುವಾಗಬೇಕು. ಹಳೇ ಇಲಿಗಳನ್ನ ಮುಗಿಸಿದರು. ಆ ದಿನ ಗಂಗಮ್ಮ ಖಾಲಿ ಪಂಜರ ತೊಳೆಯುತ್ತಾ ಬಿಕ್ಕಿ ಬಿಕ್ಕಿ ಅತ್ತಳು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಪಕ್ಕದಲ್ಲಿ ಪುಟ್ಟದೊಂದು ಎಲೆ ಹಾಕಿ, ಅದರಲ್ಲಿ ಒಂದು ಹಿಡಿ ಕಡ್ಲೆಬೀಜ ಸುರಿದಳು. ಮುನಿಯಪ್ಪ ನೋಡಿ, “ಇದ್ಯಾರಿಗೆ?” ಅಂದ. ಇವಳು ಹೇಳಿದಳು. “ನಮ್ಮಪ್ಪನ ಪಕ್ಕ ಇಲಿಗಳಿಗೆ ಎಡೇನಾ? ಎದ್ದು ಬಂದು ಒದೀತಾನೆ ನೋಡು!” ಅಂದ. ಆದರೆ ಕರ್ಪೂರ ಹಚ್ಚುವಾಗ ಆ ಎಲೆಗೂ ತಾನೇ ಬೆಳಗಿದ.

ಎರಡನೇ ಸಲದ ಇಲಿಗಳು ಬಂದವು. ಈ ಸಲ ಅವಳ ಸೆರಗಲ್ಲಿ ಶೀಸೆ ಇಲ್ಲ. ಮತ್ತೆ ಅದೇ ಕೆಂಪು ಮಧ್ಯಾಹ್ನಗಳು, ಅದೇ ಗುಂಯ್, ಅದೇ ಆಕಳಿಕೆ. ಮತ್ತೆ ಬಿಳಿ ಮುಚ್ಚಳದವುಗಳ ಕಾಲು ಮಡಚಿಕೊಂಡವು. ಮತ್ತೆ ಒಂದು ಇಲಿ ಸರಳಿನ ಹತ್ತಿರ ಬಂದು ಬೆರಳು ಮೂಸಿತು. “ಬ್ಯಾಡ ಕಂದ,” ಅಂದಳು. “ನಿನ್ನ ನಾನು ಮುಟ್ಟಿದ್ರೆ ನೀನು ಸುಮ್ ಸುಮ್ನೆ ಸತ್ತಂಗಾಗತ್ತೆ.” ಊಟದ ಹೊತ್ತಲ್ಲಿ ಎರಡೂ ಕೈಯನ್ನ ಸೆರಗಲ್ಲಿ ಸುತ್ತಿಕೊಂಡು ಕೂರೋಳು. ಅಷ್ಟು ಕಷ್ಟದ ಕೆಲಸ ಅವಳು ಜನ್ಮದಲ್ಲಿ ಮಾಡಿರಲಿಲ್ಲ. ಹೆರಿಗೆ ನೋವೂ ಇಷ್ಟಿರಲಿಲ್ಲ ಅಂತ ಆಮೇಲೆ ಹೇಳ್ತಿದ್ದಳು.

ಮನೆಯಲ್ಲಿ ಮುನಿಯಪ್ಪನ ಬಾಯಿ ಒಂದು ಬೆರಳು ತೂರೋಷ್ಟಕ್ಕೆ ಬಂದು ನಿಂತಿತ್ತು. ಮಾತು ಬಾಡಿಗೆಯವರಿಗೆ ಅರ್ಥವಾಗ್ತಿರಲಿಲ್ಲ, ಇವಳಿಗೆ ಮಾತ್ರ ಆಗ್ತಿತ್ತು. ಸಂಜೆ ಎಣ್ಣೆ ನೀವುವಾಗ, ಹಗಲೆಲ್ಲ ಕಟ್ಟಿಹಾಕಿದ ಆ ಕೈಗಳು ಅವನ ಮುಖದ ಮೇಲೆ ಬಿಡುಗಡೆಯಾದ ಹಾಗೆ ಓಡಾಡೋವು.

ಎರಡು ಸಾವಿರನೇ ಇಸವಿ ಕಳೆದು ಲೆಕ್ಕ ಬಂತು. ಕೆಂಪು ಮುಚ್ಚಳದವುಗಳ ಕಾಲು ಪೂರ್ತಿ ಅಲ್ಲದಿದ್ದರೂ ಚಾಚುತ್ತಿತ್ತು. ಬಿಳಿ ಮುಚ್ಚಳದವು ಸೆಟೆದುಹೋಗಿದ್ದವು. ಶ್ವೇತ ಓಡಿ ಬಂದು ಗಂಗಮ್ಮನನ್ನ ತಬ್ಬಿಕೊಂಡಳು. ಗಂಗಮ್ಮ ಮೊದಲು ಕೇಳಿದ್ದೇ, “ನಮ್ಮೋರಿಗೆ ಯಾವಾಗ ಕೊಡ್ತೀರಿ?” ಅಂತ.

“ಇಲಿಗೆ ಆಗಿದ್ದು ಮನುಷ್ಯರಿಗೆ ಆಗತ್ತೆ ಅಂತ ಹೇಳೋಕಾಗಲ್ಲ ಗಂಗಮ್ಮ. ನೋಡ್ಬೇಕು,” ಅಂದಳು ಶ್ವೇತ. ನೋಡೋಕೆ ಇನ್ನೂ ಒಂದೆರಡು ವರ್ಷ ಹಿಡಿಯಿತು. ಆಮೇಲೆ ಕಂಟೋನ್ಮೆಂಟ್ ಕಡೆಯ ಒಂದು ಆಸ್ಪತ್ರೆಯಲ್ಲಿ, ಬಾಯಿ ಬಿಗಿದ ಒಂದಷ್ಟು ಜನಕ್ಕೆ ಕೊಟ್ಟು ನೋಡೋದು ಅಂತಾಯಿತು. ಮುನಿಯಪ್ಪನನ್ನ ಕರೆದರು.

ಡಾಕ್ಟರು ಕೂರಿಸಿಕೊಂಡು ಹೇಳಿದರು. ಅರ್ಧ ಜನಕ್ಕೆ ಔಷಧಿಯ ಮಾತ್ರೆ, ಅರ್ಧ ಜನಕ್ಕೆ ಅದೇ ಥರ ಕಾಣೋ ಬರೀ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದು ಅಂತ ವರ್ಷದ ತನಕ ತಮಗೂ ಗೊತ್ತಿರಲ್ಲ. ಎಲ್ಲರೂ ಐಸ್‌ಕ್ರೀಂ ಕಡ್ಡಿಗಳನ್ನ ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ಇಟ್ಟುಕೊಂಡು ಮಾಡೋ ವ್ಯಾಯಾಮ ಒಂದನ್ನೇ ಮಾಡಬೇಕು. ಶಾಖ, ನಾಟಿ ಔಷಧಿ, ಎಣ್ಣೆ ನೀವೋದು, ಯಾವುದೂ ಕೂಡದು. ಬೇಡ ಅನ್ನಿಸಿದರೆ ಯಾವತ್ತಾದರೂ ಬಿಟ್ಟು ಹೋಗಬಹುದು.

ಬೆಂಚಿನ ಮೇಲಿದ್ದ ಉಳಿದವರು ಗೊಂದಲದಲ್ಲಿ ಮುಖ ಮುಖ ನೋಡಿಕೊಂಡರು. ಗಂಗಮ್ಮನಿಗೆ ಮಾತ್ರ ಒಂದು ಅಕ್ಷರವೂ ಬಿಡಿಸಿ ಹೇಳಬೇಕಾಗಿರಲಿಲ್ಲ. “ಬ್ಯಾಡ,” ಅಂದಳು ಗಂಡನ ಕಿವಿಯಲ್ಲಿ. “ಬಿಳಿ ಮುಚ್ಚಳ ಬಂದ್ಬಿಟ್ರೆ? ನಾನು ನೋಡಿದೀನಿ ಅವುಗಳ್ನ. ನಡೀರಿ ಮನೆಗೆ.”

ಮುನಿಯಪ್ಪ ಕದಲಲಿಲ್ಲ. “ಯಾರಾದ್ರೂ ಬಿಳಿ ಮುಚ್ಚಳ ಆಗ್ಲೇಬೇಕಲ್ಲ ಗಂಗಿ,” ಅಂದ. “ಇಲಿಗಳ್ನ ಯಾರೂ ಕೇಳ್ಲಿಲ್ಲ. ನನ್ನ ಕೇಳ್ತಾವ್ರೆ.”

ಆ ಸಂಜೆಯಿಂದ ಎಣ್ಣೆ ನಿಂತಿತು. ದೀಪ ಹಚ್ಚಿದ ಮೇಲೆ ಇಬ್ಬರಿಗೂ ಏನು ಮಾಡಬೇಕು ಅಂತಾನೇ ತೋಚುತ್ತಿರಲಿಲ್ಲ. ಅವನು ಜಗಲಿಯ ಆ ಕಡೆ, ಇವಳು ಈ ಕಡೆ. ಅವನು ಕಡ್ಡಿ ಕಚ್ಚಿಕೊಂಡು ಕೂತರೆ ಇವಳು ಕೈ ಸೆರಗಲ್ಲಿ ಸುತ್ತಿಕೊಂಡು ಕೂರೋಳು. ಒಂದೊಂದು ಸಂಜೆ ಬೆಳಕು ಕೆಂಪಗಾದಾಗ ಅವಳಿಗೆ ತಾವಿಬ್ಬರೂ ಆ ಕೋಣೆಯೊಳಗೇ ಇದ್ದೀವಿ, ಗುಂಯ್ ಅನ್ನೋ ಸದ್ದು ಆಚೆ ಫ್ಯಾಕ್ಟರಿಯದಲ್ಲ, ಆ ಗಾಳಿಯಂತ್ರದ್ದೇ ಅನ್ನಿಸೋದು. ಆ ಮುಖ ಮುಟ್ಟಬೇಕು ಅಂತ ಅವಳಿಗೆ ಆಗ್ತಿದ್ದ ಆಸೆ ಇದೆಯಲ್ಲ, ಅದು ಹೊಸದಾಗಿ ಮದುವೆಯಾದಾಗಲೂ ಆಗಿರಲಿಲ್ಲ.

ಆಸ್ಪತ್ರೆಯ ಬೆಂಚಿನಲ್ಲಿ ಅವರ ಪಕ್ಕ ಕೂರುತ್ತಿದ್ದವಳು ಶಿವಾಜಿನಗರದ ಉಮ್ಮೆ ಕುಲ್ಸುಂ. ಸಮೋಸಕ್ಕೆ ತೆಳ್ಳನೆ ಹಾಳೆ ಬೇಯಿಸಿ ಅಂಗಡಿಗಳಿಗೆ ಕೊಡೋ ಹೆಂಗಸು. ಅವಳಿಗೂ ಪಾನ್ ಹೊಗೆಸೊಪ್ಪಿನದೇ ಕಾಯಿಲೆ, ಕರೆಂಟು, ಬಿಗಿದ ಬಾಯಿ. “ಅರೇ ಅಕ್ಕ, ಊರಿಗೆಲ್ಲ ಸಮೋಸ ನಂದು. ನನ್ ಬಾಯಿಗೆ ಮಾತ್ರ ಇಲ್ಲ ನೋಡು,” ಅಂತಿದ್ದಳು. ವರ್ಷ ಅರ್ಧ ದಾಟಿದ ಮೇಲೆ ಒಂದಿನ ಬುರ್ಖಾದೊಳಗಿಂದ ಪೊಟ್ಟಣ ತೆಗೆದಳು. “ಅಣ್ಣ, ಇಧರ್ ದೇಖೋ!” ಅಂತ ಸಮೋಸದ ಮೂಲೆಯನ್ನ ಬಾಯಿಗಿಟ್ಟು ಕಟಕ್ಕಂತ ಕಚ್ಚಿದಳು. ಕಚ್ಚಿ, ಅಗೀತಾ, ಬೆಂಚಿನ ಮೇಲೇ ಕಣ್ಣೀರು ಸುರಿಸಿದಳು.

ಗಂಗಮ್ಮನಿಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಉರಿದುಹೋಯಿತು. ಗಂಡನ ಹಲ್ಲಿನ ಮಧ್ಯೆ ಹಿಡಿಸೋ ಕಡ್ಡಿ ಒಂದೂ ಹೆಚ್ಚಾಗಿರಲಿಲ್ಲ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ತಮ್ಮದು ಬಿಳಿ ಮುಚ್ಚಳ ಅಂತ ಅವತ್ತೇ ಗಂಡ ಹೆಂಡತಿ ಇಬ್ಬರಿಗೂ ಗೊತ್ತಾಯಿತು. ಮುನಿಯಪ್ಪ ಮಾತ್ರ ಕಣ್ಣಲ್ಲೇ ನಗ್ತಾ, “ಇನ್ನೊಂದು ತಿನ್ನಮ್ಮ, ನನ್ ಪಾಲ್ದೂ ನೀನೇ ತಿನ್ನು,” ಅಂದ. ಗಂಗಮ್ಮ ಅದನ್ನ ಕುಲ್ಸುಂಗೆ ಬಿಡಿಸಿ ಹೇಳಬೇಕಾಯಿತು.

ಬಸ್ಸಲ್ಲಿ ವಾಪಸ್ ಬರುವಾಗ, “ಬಿಟ್ಬಿಡೋಣ ರೀ, ಇವತ್ತೇ ಎಣ್ಣೆ ಕಾಯಿಸ್ತೀನಿ,” ಅಂದಳು. ಅವನು ಕಿಟಕಿಯಾಚೆ ನೋಡ್ತಾ ತಲೆ ಅಲ್ಲಾಡಿಸಿದ. “ಒಂದ್ಸಲ ಮುಟ್ಟಿ ಕೆಡಿಸಿದೀಯ. ಈ ಸಲ ಬ್ಯಾಡ.”

ವರ್ಷ ತುಂಬಿದ ದಿನ ಡಾಕ್ಟರು ಒಬ್ಬೊಬ್ಬರನ್ನೇ ಕರೆದು ಹೇಳಿದರು. ಶ್ವೇತಳೂ ಬಂದು ಗೋಡೆಗೊರಗಿ ನಿಂತಿದ್ದಳು. ಉಮ್ಮೆ ಕುಲ್ಸುಂಗೆ ಸಿಕ್ಕಿದ್ದು ಔಷಧಿ. “ಮುನಿಯಪ್ಪನವರೇ, ನಿಮಗೆ ಹಿಟ್ಟಿನ ಮಾತ್ರೆ,” ಅಂದರು. ಇಷ್ಟು ಸಣ್ಣ ಗುಂಪಲ್ಲಿ ಜಾಸ್ತಿ ಹೇಳೋಕಾಗಲ್ಲ, ಆದರೆ ಔಷಧಿ ತಗೊಂಡವರಲ್ಲಿ ಕೆಲವರಿಗೆ ಸ್ವಲ್ಪ ಸಡಿಲವಾಗಿದೆ ಅಂದರು. ನಾಳೆಯಿಂದ ನಿಮಗೂ ಅದನ್ನೇ ಕೊಡ್ತೀವಿ, ಇಷ್ಟು ವರ್ಷದ ಬಿಗಿತಕ್ಕೆ ಎಷ್ಟು ಬಿಡುತ್ತೋ ಗೊತ್ತಿಲ್ಲ ಅಂದರು.

ಮುನಿಯಪ್ಪ ಏನೋ ಕೇಳಿದ. ಡಾಕ್ಟರಿಗೆ ತಿಳಿಯಲಿಲ್ಲ, ಗಂಗಮ್ಮ ತಿಳಿಸಿದಳು. “ನಾನು ಹಿಟ್ಟು ತಿನ್ದೇ ಇದ್ದಿದ್ರೆ, ಆ ಕುಲ್ಸುಮ್ಮನ ಬಾಯಿ ಬಿಟ್ಟಿದ್ದು ಔಷಧೀಲೇ ಅಂತ ಹೇಳೋಕಾಗ್ತಿತ್ತಾ ಅಂತ ಕೇಳ್ತಾವ್ರೆ.”

“ಇಲ್ಲ. ಆಗ್ತಿರಲಿಲ್ಲ,” ಅಂದರು ಡಾಕ್ಟರು.

ಮುನಿಯಪ್ಪ ಜಗಲಿ ಮೇಲೆ ನ್ಯಾಯ ಗೆದ್ದಾಗ ಎದ್ದು ನಿಲ್ಲುತ್ತಿದ್ದ ಹಾಗೇ ಎದ್ದು ನಿಂತು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಶ್ವೇತ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಮನೆಗೆ ಬಂದಾಗ ಸಂಜೆಯಾಗಿತ್ತು. ಗಂಗಮ್ಮ ದೀಪ ಹಚ್ಚಿ, ಅಭ್ಯಾಸದ ಹಾಗೆ ಜಗಲಿಯ ಈ ಕಡೆ ಬಂದು ಕೂತು ಕೈಯನ್ನ ಸೆರಗಲ್ಲಿ ಸುತ್ತಿಕೊಂಡಳು. ಅವನು ಅವಳನ್ನೇ ನೋಡಿದ.

“ಗಂಗಿ, ಮುಗೀತಲ್ಲ. ಈಗಾದ್ರೂ ಮುಟ್ಟೇ.”

ಅವಳು ಎದ್ದಳೋ ಓಡಿದಳೋ! ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಂದಳು. ಕಾಲು ಚಾಚಿ ಕೂತು ಅವನ ತಲೆಯನ್ನ ತೊಡೆಗೆ ತಂದುಕೊಂಡಳು. ವರ್ಷದ ಮೇಲೆ ಸಿಕ್ಕ ಆ ದವಡೆ ಬೆರಳಿಗೆ ಮರದ ಹಾಗಿತ್ತು. ಅಷ್ಟೂ ಬಿಗಿತವನ್ನ ಬೆರಳು ಬೆರಳಲ್ಲೂ ಓದಿಕೊಳ್ತಾ, ಅಳ್ತಾ, ಕೆನ್ನೆ, ಕಿವಿಯ ಬುಡ, ಗದ್ದ, ಮತ್ತೆ ಕೆನ್ನೆ ನೀವಿದಳು. ಅವಳ ಕಣ್ಣೀರು ಎಣ್ಣೆಗೇ ಬಿದ್ದಿತು. ಅವನು ಕಣ್ಣು ಮುಚ್ಚಿದ. ಕೆಂಪು ಬೆಳಕು ಜಗಲಿ ದಾಟಿ ಹೋಯಿತು.

ನಿದ್ದೆಗೆ ಜಾರೋ ಮುಂಚೆ ಅವನ ಎದೆ ಉಬ್ಬಿತು, ಮೂಗಿನ ಹೊಳ್ಳೆ ಅರಳಿತು, ದವಡೆ ಅವಳ ಅಂಗೈಯೊಳಗೆ ಒಂದು ಸಲ ನಡುಗಿ ಒತ್ತಿತು. ಬಾಯಿ ತೆರೆದದ್ದು ಹಳೇ ಒಂದು ಬೆರಳಷ್ಟೇ, ಅದಕ್ಕಿಂತ ಒಂದು ಕೂದಲೆಳೆ ಜಾಸ್ತಿ ಇಲ್ಲ. ಆದರೆ ಅದು ಆಕಳಿಕೆ. ಗಂಗಮ್ಮ ನೀವೋದು ನಿಲ್ಲಿಸಲಿಲ್ಲ, ಅವಳಿಗೂ ಆಕಳಿಕೆ ಬಂತು.